ಅಳಿವೆಯ ಕಾಮಗಾರಿಗೆ ಮುನ್ನ: ಒಂದು ಪರಿಣಾಮ ಮೌಲ್ಯಮಾಪನ ಸೇವೆಯ ವಿಮರ್ಶೆ

ನದಿ ಕಡಲನ್ನು ಸೇರುವೆಡೆ ಜೆಟ್ಟಿ ಕಟ್ಟುವ ನಮ್ಮ ಯೋಜನೆಯಿಂದ ಸಂರಕ್ಷಿತ ಕಡಲಜೀವಿಗಳ ಮೇಲಾಗುವ ಪರಿಣಾಮವನ್ನು ಅಂದಾಜಿಸುವ ಕೆಲಸವನ್ನು ಒಂದು ಸಲಹಾ ಸಂಸ್ಥೆಗೆ ವಹಿಸಿದ್ದೆವು. ಅವರು ಕೊಟ್ಟ ವರದಿಯ ಸತ್ವವೆಲ್ಲ ನೀರೊಳಗಿನ ಸದ್ದಿನ ಅಧ್ಯಾಯದಲ್ಲಿದೆ.

ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್, ಅಂದರೆ ಗಾಳಿಯಲ್ಲಿರುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ ಸಾಗುತ್ತದೆ. ಉಕ್ಕಿನ ಪೈಲ್‌ಗಳನ್ನು (ಜೆಟ್ಟಿಯನ್ನು ಹೊರುವ ಅಡಿಪಾಯದ ಕಂಬಗಳನ್ನು) ನೆಲಕ್ಕೆ ಬಡಿದು ಇಳಿಸುವಾಗ ಹೊಮ್ಮುವ ಸದ್ದು, ಪ್ರತಿಧ್ವನಿಯನ್ನು ನಂಬಿ ಬೇಟೆಯಾಡುವ ಡಾಲ್ಫಿನ್‌ಗಳ ಶ್ರವಣಶಕ್ತಿಯನ್ನು ತಾತ್ಕಾಲಿಕವಾಗಿ, ತೀರಾ ಹತ್ತಿರವಿದ್ದರೆ ಶಾಶ್ವತವಾಗಿಯೂ ಕುಗ್ಗಿಸಬಲ್ಲದು. ತಜ್ಞರು ಒಂದೇ ಹೊಡೆತದ ತೀವ್ರತೆಯನ್ನೂ ದಿನವಿಡೀ ಸಂಚಯವಾಗುವ ಸದ್ದಿನ ಪ್ರಮಾಣವನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಿ, ಸೀಲ್‌ಗಳಿಗೂ ಡಾಲ್ಫಿನ್‌ಗಳಿಗೂ ಪ್ರತ್ಯೇಕ ಮಿತಿಗಳನ್ನು ಅನ್ವಯಿಸಿರುವುದು ನನಗೆ ಬಹಳ ಮೆಚ್ಚುಗೆಯಾಯಿತು.

ಪರಿಹಾರಗಳೂ ಕಾರ್ಯಸಾಧ್ಯವಾಗಿವೆ: ಸಾಧ್ಯವಿದ್ದೆಡೆ ಬಡಿಯುವ ಬದಲು ಕಂಪನದಿಂದ ಪೈಲ್ ಇಳಿಸುವುದು, ಬಡಿಯಲೇಬೇಕಾದಲ್ಲಿ ಮೆಲ್ಲಗೆ ಆರಂಭಿಸಿ ಪ್ರಾಣಿಗಳಿಗೆ ದೂರ ಸರಿಯಲು ಅವಕಾಶ ಕೊಡುವುದು, ವೀಕ್ಷಕರು ಪ್ರಾಣಿಯನ್ನು ಕಂಡರೆ ಆರಂಭವನ್ನೇ ಮುಂದೂಡುವುದು. ಮಂಜು ಅಥವಾ ಕತ್ತಲಿನಲ್ಲಿ ಕಣ್ಣಿನ ಕಾವಲು ಸಾಲದೆಂದು ಒಪ್ಪಿಕೊಂಡು, ಹೈಡ್ರೋಫೋನ್ (ನೀರೊಳಗಿನ ಸದ್ದನ್ನು ಗ್ರಹಿಸುವ ಮೈಕ್) ಅಳವಡಿಸಲು ಸೂಚಿಸಿರುವುದು ಪ್ರಾಮಾಣಿಕವಾದ ನಡೆ.

ಆದರೆ ಹೂಳೆತ್ತುವಿಕೆಯಿಂದ ಕದಡುವ ನೀರಿನ ಬಗ್ಗೆ ಬರೆದದ್ದು ಸಾಲದು. ಸಮೀಪದ ಇತರ ಕಾಮಗಾರಿಗಳ ಸಂಚಿತ ಪರಿಣಾಮವಂತೂ ಮೊದಲ ಕರಡಿನಲ್ಲಿ ಇರಲೇ ಇಲ್ಲ. ನಾವು ಕೇಳಿದ ನಂತರ ಸೇರಿಸಿದರು. ಇಂಥ ಸೇವೆ ಪಡೆಯುವವರು, ಮೀನುಗಳ ವಲಸೆಯ ಕಾಲವೂ ಸೇರುವಂತೆ ಸಮೀಕ್ಷೆಯ ಅವಧಿಯನ್ನು ಒಪ್ಪಂದದಲ್ಲೇ ನಮೂದಿಸಿಕೊಳ್ಳಬೇಕು.