ಎರಡು ಲಕ್ಷ ಪದಗಳಲ್ಲಿ ‘ಮಳೆ’ ಹುಡುಕಿದ್ದು: ಲಿಸ್ಟ್, ಸೆಟ್, ಬೈಸೆಕ್ಟ್, ಟ್ರೈ

ಚಿಕ್ಕಪ್ಪ ತಮ್ಮ ನೆನಪುಗಳನ್ನೆಲ್ಲ ಟೈಪ್ ಮಾಡಿಟ್ಟಿದ್ದಾರೆ. ಹತ್ತಿರ ಹತ್ತಿರ 50,000 ಪದ. “ಕಾಗುಣಿತ ತಪ್ಪಿದ್ರೆ ಹುಡುಕಿ ಕೊಡೋ, ನೀನು ಕಂಪ್ಯೂಟರ್‌ನವನಲ್ವಾ” ಅಂದರು. ನನ್ನ ಹತ್ತಿರ ಸುಮಾರು ಎರಡು ಲಕ್ಷ ಕನ್ನಡ ಪದಗಳ ಒಂದು ಫೈಲ್ ಇತ್ತು, ಸಾಲಿಗೊಂದು ಪದ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹತ್ತು ಸಾಲಿನ ಕೆಲಸ ಅಂದುಕೊಂಡೆ. ಸಾಲು ಹತ್ತೇ ಆಯಿತು, ನಿಜ. ಆದರೆ ಆ ಎರಡು ಲಕ್ಷ ಪದಗಳನ್ನು ಮೆಮೊರಿಯಲ್ಲಿ ಹೇಗೆ ಇಟ್ಟುಕೊಳ್ಳಬೇಕು ಅನ್ನೋದರಲ್ಲೇ ಒಂದು ವಾರದ ಸಂಜೆಗಳು ಹೋದವು. ನಾಲ್ಕು ಥರ ಮಾಡಿ ನೋಡಿದೆ.

ಮೊದಲು ಲಿಸ್ಟ್, ಅಂದರೆ ಪದಗಳನ್ನು ಒಂದರ ಹಿಂದೆ ಒಂದು ಇಟ್ಟ ಪಟ್ಟಿ. ‘ಈ ಪದ ಇದರಲ್ಲಿದೆಯಾ’ ಎಂದು ಕೇಳಿದರೆ ಲಿಸ್ಟ್ ಮೊದಲನೆಯದರಿಂದ ಒಂದೊಂದನ್ನೇ ಹೋಲಿಸುತ್ತಾ ಹೋಗುತ್ತದೆ. ಸಿಕ್ಕರೆ ಅಲ್ಲೇ ನಿಲ್ಲುತ್ತದೆ. ಸಿಗದಿದ್ದರೆ ಎರಡು ಲಕ್ಷವನ್ನೂ ಮುಟ್ಟಿಯೇ ‘ಇಲ್ಲ’ ಅನ್ನಬೇಕು. ಕನ್ನಡಕ್ಕೆ ಏಟು ಬೀಳೋದು ಇಲ್ಲೇ. ಫೈಲಿನಲ್ಲಿ ‘ಮನೆ’ ಇದೆ. ಚಿಕ್ಕಪ್ಪ ಬರೆಯೋದು ‘ಮನೆಯವರಿಗೂ’, ‘ಮನೆಯಿಂದಲೇ’. ಪದ ಸರಿಯೇ, ಆದರೆ ಫೈಲಿನಲ್ಲಿಲ್ಲ. ಹಾಗಾಗಿ ಸಿಗೋದಕ್ಕಿಂತ ಸಿಗದೇ ಇರೋದೇ ಜಾಸ್ತಿ, ಪ್ರತಿ ಸಲವೂ ಪೂರ್ತಿ ಸುತ್ತು. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಒಂದು ಸುತ್ತಿಗೆ ಮೂರ್ನಾಲ್ಕು ಮಿಲಿಸೆಕೆಂಡ್. ಕೇಳೋಕೆ ಏನೂ ಅಲ್ಲ ಅನಿಸುತ್ತೆ. 50,000ದಿಂದ ಗುಣಿಸಿ ನೋಡಿ. ಹತ್ತಿರ ಹತ್ತಿರ ಮೂರು ನಿಮಿಷ. ಕಾಫಿಗೆ ಹಾಲಿಟ್ಟು ಬಂದರೂ ಓಡುತ್ತಲೇ ಇತ್ತು.

ಲಿಸ್ಟ್ ಬದಲು ಸೆಟ್ ಮಾಡಿದೆ. ಕೋಡ್‌ನಲ್ಲಿ ಬದಲಾದದ್ದು ಒಂದೇ ಪದ. ಎಂಟರ್ ಒತ್ತಿದ ಬೆರಳು ಎತ್ತುವಷ್ಟರಲ್ಲಿ 50,000 ಪದವೂ ಮುಗಿದಿತ್ತು. ಸೆಟ್ ಪ್ರತಿ ಪದದಿಂದ ಒಂದು ಹ್ಯಾಶ್ ಸಂಖ್ಯೆ ಲೆಕ್ಕ ಹಾಕಿ, ಆ ಸಂಖ್ಯೆ ತೋರಿಸಿದ ಜಾಗವನ್ನಷ್ಟೇ ನೋಡುತ್ತದೆ. ಪದ ಇದ್ದರೂ ಇಲ್ಲದಿದ್ದರೂ ಹೆಚ್ಚುಕಮ್ಮಿ ಅಷ್ಟೇ ಕೆಲಸ. ಇದಕ್ಕೆ ಕೊಡುವ ಬೆಲೆ ಖಾಲಿ ಜಾಗ. ಐದರಲ್ಲಿ ಮೂರು ಪಾಲು ತುಂಬುತ್ತಿದ್ದ ಹಾಗೆ ಸೆಟ್ ತನ್ನ ಕೋಷ್ಟಕವನ್ನು ದೊಡ್ಡದು ಮಾಡಿಕೊಳ್ಳುತ್ತದೆ. ಎರಡು ಲಕ್ಷ ಪದಕ್ಕೆ 5,24,288 ಜಾಗ, ಒಂದೊಂದಕ್ಕೆ 16 ಬೈಟ್, ಅಂದರೆ 8 ಎಂಬಿ. ಲಿಸ್ಟ್‌ಗೆ ಒಂದೂವರೆ ಎಂಬಿ ಚಿಲ್ಲರೆ ಸಾಕಿತ್ತು. ಪದಗಳ ಅಕ್ಷರಗಳು ಬೇರೆ. ಅವು ಎರಡಕ್ಕೂ ಒಂದೇ. ಈ 8 ಎಂಬಿ ಬಗ್ಗೆ ಇವತ್ತಿನ ಕಾಲದಲ್ಲಿ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಆದರೆ ಸೆಟ್ ಅಂತ ಬರೆದ ಮಾತ್ರಕ್ಕೆ ವೇಗ ಬರೋದಿಲ್ಲ. ಮಾರನೇ ದಿನ ಕೋಡ್ ಚೊಕ್ಕ ಮಾಡುತ್ತಾ, ಲಿಸ್ಟನ್ನು ಸೆಟ್ ಮಾಡುವ ಸಾಲನ್ನು ಸುಮ್ನೆ, ಪ್ರತಿ ಪದಕ್ಕೂ ಮತ್ತೆ ಮತ್ತೆ ಓಡುವ ಲೂಪ್ ಒಳಗೆ ಸೇರಿಸಿಬಿಟ್ಟೆ. ಪ್ರತಿ ಪದಕ್ಕೂ ಎರಡು ಲಕ್ಷದ ಹೊಸ ಸೆಟ್ ಕಟ್ಟಿ, ಒಂದೇ ಸಲ ಕೇಳಿ, ಎಸೆಯೋದು! ಲಿಸ್ಟಿಗಿಂತಲೂ ನಿಧಾನವಾಯಿತು. ಫಲಿತಾಂಶ ಮಾತ್ರ ಸರಿಯಾಗೇ ಬರುತ್ತಿತ್ತು, ಅದಕ್ಕೇ ತಪ್ಪು ಬೇಗ ಕಣ್ಣಿಗೆ ಬೀಳಲಿಲ್ಲ.

ಮೂರನೆಯದು ಬೈಸೆಕ್ಟ್. ನನಗೆ ತುಂಬಾ ಇಷ್ಟವಾದದ್ದು, ಜಾಸ್ತಿ ಕಾಡಿಸಿದ್ದೂ ಇದೇ. ಪದಗಳನ್ನು ಕ್ರಮವಾಗಿ ಜೋಡಿಸಿ, ನಡುವಿನದನ್ನು ನೋಡಿ, ಅರ್ಧ ಬಿಟ್ಟು, ಉಳಿದರ್ಧದ ನಡುವಿನದನ್ನು ನೋಡೋದು. ನಿಘಂಟು ಬಿಚ್ಚಿ ಪದ ಹುಡುಕೋದೂ ಹೀಗೇ ಅಲ್ವಾ? ಎರಡು ಲಕ್ಷಕ್ಕೆ ಹೆಚ್ಚೆಂದರೆ 18 ಹೋಲಿಕೆ. ಸೆಟ್‌ಗಿಂತ ನಿಧಾನ, ಆದರೂ ಎಲ್ಲ ಪದಗಳೂ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತವೆ. ಖಾಲಿ ಜಾಗದ ಖರ್ಚೂ ಇಲ್ಲ.

ಓಡಿಸಿದೆ. ತಪ್ಪುಗಳ ಪಟ್ಟಿಯಲ್ಲಿ ಮೊದಲು ಕಂಡದ್ದು ‘ಮಳೆ’. ಆಮೇಲೆ ‘ಬಳೆ’, ‘ಹಳ್ಳಿ’, ‘ಎಳೆ’. ಇವು ತಪ್ಪಾ? ಸೆಟ್ ಕೇಳಿದರೆ ‘ಇದೆ’ ಅನ್ನುತ್ತೆ, ಬೈಸೆಕ್ಟ್ ‘ಇಲ್ಲ’ ಅನ್ನುತ್ತೆ. ಅರ್ಧ ಗಂಟೆ ನೋಡಿದ ಮೇಲೆ ಹೊಳೆಯಿತು, ಎಲ್ಲದರಲ್ಲೂ ‘ಳ’ ಇದೆ. ನನ್ನ ಫೈಲ್ ನಿಘಂಟಿನ ಕ್ರಮದಲ್ಲಿ ಮೊದಲೇ ಜೋಡಿಸಿದ್ದು, ಮತ್ತೆ ಯಾಕೆ ಅಂತ ನಾನು ಜೋಡಿಸಿರಲಿಲ್ಲ. ನಮ್ಮ ವರ್ಣಮಾಲೆಯಲ್ಲಿ ‘ಳ’ ಕೊನೆಗೆ, ‘ಹ’ ಆದ ಮೇಲೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟಿರುವ ಯೂನಿಕೋಡ್‌ನಲ್ಲಿ ಅದು ‘ಲ’ ಪಕ್ಕದಲ್ಲೇ, ‘ವ’ಗಿಂತ ಮೊದಲು. ಪೈಥಾನ್ ಹೋಲಿಸೋದು ಯೂನಿಕೋಡ್ ಸಂಖ್ಯೆ ನೋಡಿ. ‘ಮಳೆ’ ಇದ್ದದ್ದು ‘ಮಹ’ಗಳ ಆಚೆ, ಬೈಸೆಕ್ಟ್ ಹುಡುಕುತ್ತಿದ್ದದ್ದು ‘ಮಲ’ಗಳ ಪಕ್ಕ. ಪಟ್ಟಿ ತಾನು ಅಂದುಕೊಂಡ ಕ್ರಮದಲ್ಲಿದೆಯಾ ಎಂದು ಬೈಸೆಕ್ಟ್ ಪರೀಕ್ಷೆ ಮಾಡೋದಿಲ್ಲ, ಎರರ್ ಕೊಡೋದೂ ಇಲ್ಲ. ಕೆಲವು ‘ಳ’ ಪದಗಳು ಅದೃಷ್ಟಕ್ಕೆ ಸಿಗುತ್ತಿದ್ದವು, ಅದು ಇನ್ನೂ ಕಷ್ಟ. ಪೈಥಾನ್‌ನಲ್ಲೇ ಒಮ್ಮೆ ಜೋಡಿಸಿಕೊಂಡ ಮೇಲೆ ಸರಿಹೋಯಿತು.

ಬೈಸೆಕ್ಟ್‌ಗೆ ಇನ್ನೊಂದು ಗುಣವಿದೆ. ‘ಮಳೆ’ಯಿಂದ ಶುರುವಾಗುವ ಪದಗಳೆಲ್ಲ ಒಟ್ಟಿಗೆ ಕೂತಿರುತ್ತವೆ. ಟೈಪ್ ಮಾಡುವಾಗ ಸಲಹೆ ತೋರಿಸಬೇಕು ಅಂದರೆ ಇದೊಂದೇ ಸಾಕು. ಸೆಟ್‌ನಲ್ಲಿ ಆ ಕೆಲಸಕ್ಕೆ ಎರಡು ಲಕ್ಷವನ್ನೂ ಜಾಲಾಡಬೇಕು.

ಕೊನೆಗೆ ಟ್ರೈ. ಎಡ್ವರ್ಡ್ ಫ್ರೆಡ್ಕಿನ್ 1960ರಲ್ಲಿ ಈ ಹೆಸರಿಟ್ಟರು. ಅಕ್ಷರದಿಂದ ಅಕ್ಷರಕ್ಕೆ ಕವಲೊಡೆಯುವ ಮರ. ‘ಮನೆಯವರಿಗೂ’ ಹಿಡಿದು ನಡೆದರೆ ದಾರಿಯಲ್ಲೇ ‘ಮನೆ’ ಸಿಗುತ್ತದೆ, ಉಳಿದದ್ದು ಪ್ರತ್ಯಯ. ಕನ್ನಡಕ್ಕೆ ಹೇಳಿ ಮಾಡಿಸಿದ್ದು ಅನ್ನಿಸಿತು. ಒಂದೊಂದು ಕವಲಿಗೂ ಒಂದು ಡಿಕ್ಷನರಿ (ನಿಘಂಟಲ್ಲ, ಅಕ್ಷರ ಕೊಟ್ಟರೆ ಮುಂದಿನ ಕವಲು ತೋರಿಸುವ ಪೈಥಾನ್ ಕೋಷ್ಟಕ) ಇಟ್ಟು ಕಟ್ಟಿದೆ. ಒಂದೇ ಒಂದು ಅಕ್ಷರವಿರುವ ಡಿಕ್ಷನರಿಗೂ ಪೈಥಾನ್ ಸುಮಾರು 200 ಬೈಟ್ ತೆಗೆದುಕೊಳ್ಳುತ್ತದೆ. ಅಂಥವು ಲಕ್ಷಗಟ್ಟಲೆ. ಮೆಮೊರಿ ನೂರು ಎಂಬಿ ದಾಟಿತು. ವೇಗವೂ ಬೈಸೆಕ್ಟ್‌ನಷ್ಟೇ, ಯಾಕಂದ್ರೆ ಪ್ರತಿ ಹೆಜ್ಜೆಯೂ ಪೈಥಾನ್ ಲೂಪ್; ಸೆಟ್ ಮತ್ತು ಬೈಸೆಕ್ಟ್‌ನ ಒಳಗಿನ ಕೆಲಸ ಅದಕ್ಕಿಂತ ತುಂಬಾ ವೇಗದ ಸಿ ಭಾಷೆಯದ್ದು. ಟ್ರೈಯನ್ನೇ ಸಿ ಭಾಷೆಯಲ್ಲಿ ಬರೆದಿದ್ದರೆ ಲೆಕ್ಕ ಬೇರೆ ಆಗುತ್ತಿತ್ತು.

ಇಷ್ಟಾದರೂ ‘ಊರಿನಲ್ಲಿ’ ಬಂದಾಗ ಎಡವಿತು. ಮರದಲ್ಲಿ ಇರೋದು ‘ಊರು’. ಪ್ರತ್ಯಯ ಸೇರುವಾಗ ಕೊಂಬು ಬಿದ್ದುಹೋಗುತ್ತದಲ್ಲ, ದಾರಿ ಅಲ್ಲೇ ಕವಲಾಗಿಬಿಡುತ್ತದೆ.

ಒಂದು ಉಪಕಾರ ಮಾತ್ರ ಟ್ರೈ ಮಾಡಿತು. ನಾಲ್ಕೂ ವಿಧಾನಗಳಲ್ಲಿ ‘ಹೊಸ’ ತಪ್ಪು ಅಂತ ಬರುತ್ತಿತ್ತು. ಮಿಕ್ಕ ಮೂರು ಬರೀ ‘ಇಲ್ಲ’ ಅಂದವು. ಟ್ರೈ ಎಲ್ಲಿ ನಿಂತಿತು ಎಂದು ಪ್ರಿಂಟ್ ಮಾಡಿದೆ: ‘ಹೆ’ವರೆಗೆ ಹೋಗಿ ನಿಂತಿದೆ. ಹೆ? ಚಿಕ್ಕಪ್ಪನ ಬರಹ ಹಳೇ ಫಾಂಟ್‌ನಿಂದ ಯೂನಿಕೋಡ್‌ಗೆ ಬದಲಾಯಿಸಿದ್ದು. ಅಲ್ಲಿ ‘ಹೊ’ ಅಂದರೆ ಹಕಾರಕ್ಕೆ ಎತ್ವ, ಆಮೇಲೆ ಕೊಂಬಿನ ಇಳಿ, ಎರಡು ಬೇರೆ ಸಂಕೇತ. ನನ್ನ ಫೈಲಿನಲ್ಲಿ ಒತ್ವ ಒಂದೇ ಸಂಕೇತ. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಹೋಲಿಸಿದರೆ ಬೇರೆ. ಓದುವಾಗಲೇ ಎರಡನ್ನೂ ಎನ್ಎಫ್‌ಸಿ ರೂಪಕ್ಕೆ (ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿ ಬರೆಯುವ ಯೂನಿಕೋಡ್ ರೂಪ) ತಂದ ಮೇಲೆ ತಪ್ಪುಗಳ ಪಟ್ಟಿ ಅರ್ಧಕ್ಕೆ ಇಳಿಯಿತು.

ಈಗ ಓಡುತ್ತಿರೋದು ಸೆಟ್. ಪದ ಸಿಗದಿದ್ದರೆ ಹಿಂದಿನಿಂದ ಗೊತ್ತಿರುವ ಪ್ರತ್ಯಯಗಳನ್ನು ಕತ್ತರಿಸಿ, ಬೇಕಾದರೆ ಕೊಂಬು ಸೇರಿಸಿ ಮತ್ತೆ ಕೇಳುತ್ತೇನೆ. ಒಂದು ಪದಕ್ಕೆ ಹತ್ತು ಸಲ ಕೇಳಿದರೂ ಸೆಟ್‌ಗೆ ಅದು ಲೆಕ್ಕಕ್ಕಿಲ್ಲ. ಟ್ರೈ ಅಳಿಸಿದೆ. ಬೈಸೆಕ್ಟ್ ಉಳಿಸಿಕೊಂಡಿದ್ದೇನೆ, ಟೈಪ್ ಮಾಡುವಾಗಲೇ ಪದ ತೋರಿಸು ಅಂತ ಚಿಕ್ಕಪ್ಪ ಆಗಲೇ ಕೇಳಿದ್ದಾರೆ.