ಮಷೀನಿನ ನೀರು ಬಚ್ಚಲ ನೀರಲ್ಲ

ಬಟ್ಟೆ ಒಗೆದ ನೀರನ್ನು ಹಿತ್ತಲಿಗೆ ಬಿಡೋಣ ಅಂತ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ಓದಿ, ಆಮೇಲೆ ಪೈಪು ತನ್ನಿ. ಕಳೆದ ಬೇಸಿಗೆಯಲ್ಲಿ ನಮ್ಮನೆಯಲ್ಲಿ ಆದದ್ದು ಇನ್ನೊಬ್ಬರ ಮನೆಯಲ್ಲಿ ಆಗುವುದು ಬೇಡ.

ನಮ್ಮದು ತೀರ್ಥಹಳ್ಳಿ ಕಡೆ ಹಳ್ಳಿ. ಮಳೆಗಾಲದಲ್ಲಿ ಬಾವಿಗೆ ಬಗ್ಗಿ ನೀರು ಮೊಗೆಯಬಹುದು, ಶಿವರಾತ್ರಿ ಕಳೆದ ಮೇಲೆ ತಳ ಕಾಣುತ್ತದೆ. ಎರಡನೇ ಮಗು ಹುಟ್ಟಿದಾಗ ವಾಷಿಂಗ್ ಮಷೀನ್ ತಂದೆವು. ಒಂದು ಸಲ ಹಾಕಿದರೆ ನೂರು ಲೀಟರಿಗೂ ಹೆಚ್ಚು ನೀರು ಚರಂಡಿಗೆ ಹೋಗುತ್ತಿತ್ತು, ಹಿತ್ತಲಲ್ಲಿ ಗಿಡ ಒಣಗುತ್ತಿದ್ದವು. ನೋಡಿ ಹೊಟ್ಟೆ ಉರಿಯುತ್ತಿತ್ತು. ನಲ್ಲಿ ಕೆಲಸಕ್ಕೆ ಬಂದವರು ‘ಅಕ್ಕ, ಒಂದು ಡ್ರಮ್ ಇಟ್ಟರೆ ಆಯ್ತು, ತುಂಬಿದ ಮೇಲೆ ಬಿಟ್ಕೊಳ್ಳಿ’ ಅಂದರು. 200 ಲೀಟರಿನ ನೀಲಿ ಡ್ರಮ್ಮು, ಕೆಳಗೊಂದು ನಲ್ಲಿ, ಅದಕ್ಕೆ ಉದ್ದದ ಪೈಪು. ಅತ್ತೆಯೂ ಬೇಡ ಅನ್ನಲಿಲ್ಲ. ಅವರ ಕಾಲದಿಂದಲೂ ಬಚ್ಚಲ ನೀರು ಬಾಳೆಗೆ, ಕೆಸುವಿಗೆ ಹೋಗುತ್ತಲೇ ಇತ್ತಲ್ಲ.

ಮೊದಲು ಕೆಟ್ಟದ್ದು ಕನಕಾಂಬರ. ಎಲೆಯ ಅಂಚು ಸುಟ್ಟ ಹಾಗೆ ಕಂದಾಯಿತು, ಮೊಗ್ಗು ಉದುರಿತು. ಬಿಸಿಲಿಗೆ ಅಂತ ಇನ್ನೂ ನೀರು ಬಿಟ್ಟೆ. ಮೇ ಹೊತ್ತಿಗೆ ಪಾತಿಯ ಮಣ್ಣಿನ ಮೇಲೆ ಬೂದುಬಣ್ಣದ ಹೊಪ್ಪಳೆ ಕಟ್ಟಿ, ಬಿಟ್ಟ ನೀರು ಇಂಗದೆ ನಿಲ್ಲತೊಡಗಿತು. ನವಿಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿದಾಗ ತೋಟದ ಮಣ್ಣಿನ ಪಿಎಚ್ (ಹುಳಿ, ಕ್ಷಾರದ ಅಳತೆ; 7ಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ) 5.4, ಕನಕಾಂಬರದ ಪಾತಿಯದ್ದು 8.3 ಬಂತು. ನಮ್ಮ ಕಡೆಯ ಕೆಂಪು ಮಣ್ಣು ಹುಳಿ ಮಣ್ಣು, ಇಲ್ಲಿನ ಗಿಡಕ್ಕೆ ಅದೇ ಒಗ್ಗಿದೆ. ಸೋಪಿನ ಪುಡಿಯಲ್ಲಿ ವಾಷಿಂಗ್ ಸೋಡಾ ಇರುತ್ತದೆ. ಅದರ ಕ್ಷಾರದಿಂದ ಪಿಎಚ್ ಏರುತ್ತದೆ, ಸೋಡಿಯಂ ಸೇರಿ ಜೇಡಿಯ ಕಣಗಳು ಬಿಡಿಬಿಡಿಯಾಗಿ ಮಣ್ಣಿನ ರಂಧ್ರ ಮುಚ್ಚುತ್ತವೆ. ಅತ್ತೆಯ ಕಾಲದ ಬಚ್ಚಲಿಗೆ ಬರುತ್ತಿದ್ದದ್ದು ಸೀಗೆಪುಡಿ, ಕಡಲೆಹಿಟ್ಟು, ಸ್ವಲ್ಪ ಮೈಸೋಪು. ಬಟ್ಟೆಯನ್ನು ಹಳ್ಳದ ಕಲ್ಲಿನ ಮೇಲೆ ಒಗೆಯುತ್ತಿದ್ದರು, ಆ ನೀರು ಹಿತ್ತಲಿಗೆ ಬಂದದ್ದೇ ಇಲ್ಲ. ಇದು ನನಗೆ ಆಗ ಹೊಳೆಯಲಿಲ್ಲ.

ಗಿಡ ಹೋದದ್ದಕ್ಕೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಮುಂದಿನದ್ದು ಕೇಳಿ.

ಡ್ರಮ್ಮು ತುಂಬುವವರೆಗೆ ಕಾಯುತ್ತಿದ್ದೆವಲ್ಲ, ಎರಡು ಮೂರು ದಿನ ನೀರು ಒಳಗೇ ಇರುತ್ತಿತ್ತು. ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ, ಗೋಡೆಗೆ ಕಪ್ಪು ಲೋಳೆ. ಪಾಪುವಿನ ಲಂಗೋಟಿಗಳನ್ನೂ ಅದೇ ಮಷೀನಿಗೆ ಹಾಕುತ್ತಿದ್ದೆ. ನಲ್ಲಿಯಿಂದ ಸದಾ ಹನಿ ಬಿದ್ದು ಡ್ರಮ್ಮಿನ ಬುಡದಲ್ಲಿ ಒಂದೆಲಗ ಹಬ್ಬಿತು. ಎಂದೂ ಇಲ್ಲದಷ್ಟು ಅಗಲ ಎಲೆ. ‘ನೋಡೇ, ಹೇಗೆ ಬಂದಿದೆ’ ಅಂತ ಅತ್ತೆ ಒಂದು ಮಧ್ಯಾಹ್ನ ಬುಟ್ಟಿ ತುಂಬ ಕೊಯ್ದು ತಂದು ತಂಬುಳಿ ಮಾಡಿದರು. ನಾವು ಒಂದೆಲಗವನ್ನು ಹುರಿಯುವುದಿಲ್ಲ. ಹಸಿ ಎಲೆ, ಕಾಯಿತುರಿ, ಜೀರಿಗೆ, ನಾಲ್ಕು ಕಾಳುಮೆಣಸು ರುಬ್ಬಿ ಮಜ್ಜಿಗೆ ಬೆರೆಸಿದರೆ ಮುಗಿಯಿತು. ಅತ್ತೆ, ನಾನು, ನಾಲ್ಕು ವರ್ಷದ ಮಗ ಮೂರೂ ಜನ ಅನ್ನಕ್ಕೆ ಕಲಸಿಕೊಂಡು ಉಂಡೆವು.

ಮಾರನೇ ರಾತ್ರಿ ಮಗನಿಗೆ ವಾಂತಿ, ಭೇದಿ ಶುರುವಾಯಿತು. ಬೆಳಗಾಗುವಷ್ಟರಲ್ಲಿ ಅತ್ತೆಗೂ ನನಗೂ. ಮಗನ ಕಣ್ಣು ಒಳಗೆ ಹೋಗಿತ್ತು, ಅತ್ತರೂ ಕಣ್ಣೀರು ಬರುತ್ತಿರಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಎರಡು ದಿನ ಡ್ರಿಪ್ ಹಾಕಿದರು. ಯಾವ ನೀರು ಕುಡಿಯುತ್ತೀರಿ ಅಂತ ಡಾಕ್ಟರು ಕೇಳಿದಾಗ ಬಾವಿಯ ಮೇಲೆ ಅನುಮಾನ ಬಂತು.

ಗ್ರಾಮ ಪಂಚಾಯಿತಿಯ ನೀರು ಪರೀಕ್ಷೆಯ ಕಿಟ್‌ನಿಂದ ಎರಡು ಚಿಕ್ಕ ಬಾಟಲಿ ಕೊಟ್ಟರು. ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಇಟ್ಟರೆ, ಮಲದ ಕಲ್ಮಶ ಸೇರಿದ ನೀರು ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಒಂದರಲ್ಲಿ ಬಾವಿ ನೀರು, ಇನ್ನೊಂದರಲ್ಲಿ ಡ್ರಮ್ಮಿನ ನೀರು. ಎರಡನ್ನೂ ಬಚ್ಚಲ ಹಂಡೆಯ ಪಕ್ಕದ ಗೂಡಿನಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಡ್ರಮ್ಮಿನ ಬಾಟಲಿ ಶಾಯಿ ಸುರಿದಷ್ಟು ಕಪ್ಪು. ಬಾವಿಯದ್ದು ಮೂರನೇ ದಿನವೂ ಬಣ್ಣ ಬದಲಾಗಲಿಲ್ಲ. ಸೊಪ್ಪಿನಿಂದಲೇ ಹೀಗಾಯಿತು ಅಂತ ನಮಗೆ ಯಾರೂ ಬರೆದುಕೊಟ್ಟಿಲ್ಲ. ಆದರೆ ಆ ದಿನ ಶಿವಮೊಗ್ಗಕ್ಕೆ ಹೋಗಿದ್ದ ನಮ್ಮನೆಯವರು ತಂಬುಳಿ ಉಂಡಿರಲಿಲ್ಲ, ಅವರಿಗೆ ಏನೂ ಆಗಲಿಲ್ಲ. ನನಗೆ ಅಷ್ಟು ಸಾಕು.

ನೀರು ಉಳಿಸಬೇಡಿ ಅಂತ ನಾನು ಹೇಳುತ್ತಿಲ್ಲ, ನಾವೂ ಬಿಟ್ಟಿಲ್ಲ. ಈಗ ಸ್ನಾನದ ನೀರು ಮಾತ್ರ ಬಾಳೆ ಮತ್ತು ತೆಂಗಿನ ಬುಡಕ್ಕೆ ಹೋಗುತ್ತದೆ, ಅದೂ ಅಡಿಕೆ ಸಿಪ್ಪೆ, ತರಗೆಲೆ ದಪ್ಪಗೆ ಹಾಸಿದ ಗುಂಡಿಗೆ, ಮೇಲೆ ನಿಲ್ಲದ ಹಾಗೆ. ಶೇಖರಣೆ ಇಲ್ಲವೇ ಇಲ್ಲ. ಅವತ್ತಿನದ್ದು ಅವತ್ತೇ, ಒಂದು ದಿನ ನಿಂತರೆ ಸಾಕು, ರೋಗಾಣು ವಿಪರೀತ ಬೆಳೆಯುತ್ತವೆ. ಲಂಗೋಟಿ ಒಗೆದ ನೀರು, ಬ್ಲೀಚಿಂಗ್ ಹಾಕಿದ ನೀರು, ಮೀನು ಮಾಂಸ ತೊಳೆದ ನೀರು ಹಿತ್ತಲಿಗೆ ಬರುವುದಿಲ್ಲ. ಬಟ್ಟೆ ನೀರು ಬಿಡಲೇಬೇಕು ಅಂದರೆ ಪುಡಿಗಿಂತ ಲಿಕ್ವಿಡ್ ಸೋಪು ವಾಸಿ, ಅದರಲ್ಲಿ ಸೋಡಿಯಂ ಲವಣ ಸಾಮಾನ್ಯವಾಗಿ ಕಡಿಮೆ. ಹಾಗಂತ ಹೂವಿನ ಪಾತಿಗೆ ದಿನಾ ಬಿಡಬೇಡಿ. ಹಸಿಯಾಗಿ ತಿನ್ನುವ ಯಾವುದಕ್ಕೂ, ಒಂದೆಲಗ, ಕೊತ್ತಂಬರಿ, ಮೂಲಂಗಿ, ಸೌತೆ, ಒಂದು ಚೊಂಬು ಕೂಡ ಬೇಡ.

ಇನ್ನೊಂದು ಮಾತು ಮಳೆಯದ್ದು. ಜೂನ್ ಬಂದರೆ ನಮ್ಮ ಮಣ್ಣು ಒಂದು ಹನಿಯನ್ನೂ ಹಿಡಿಯಲಾರದು, ಬಾವಿಯ ನೀರು ಮೇಲಕ್ಕೆ ಬಂದಿರುತ್ತದೆ, ನೆಲದಡಿಯ ಜಂಬಿಟ್ಟಿಗೆ ಕಲ್ಲಿನ ಸಂದಿನಲ್ಲಿ ಕೊಳೆ ಸಲೀಸಾಗಿ ಇಳಿಯುತ್ತದೆ. ಪೈಪಿಗೆ ಒಂದು ವಾಲ್ವ್ ಹಾಕಿಸಿ, ಮಳೆ ಹಿಡಿದ ಕೂಡಲೇ ಇಂಗುಗುಂಡಿಗೆ ತಿರುಗಿಸಿ. ಗುಂಡಿ ಬಾವಿಗಿಂತ ತಗ್ಗಿನಲ್ಲಿರಲಿ, ಕನಿಷ್ಠ 60 ಅಡಿ ದೂರದಲ್ಲಿರಲಿ.

ಡ್ರಮ್ಮಿನ ಬುಡದ ಒಂದೆಲಗವನ್ನು ಬೇರು ಸಮೇತ ಕಿತ್ತು ಸುಟ್ಟೆ. ಅದಕ್ಕೂ ಮುಂಚೆ ಕೇಳಿದವರಿಗೆಲ್ಲ ಅತ್ತೆ ಕೈತುಂಬ ಕೊಟ್ಟಿದ್ದರು. ಆಸ್ಪತ್ರೆಯಿಂದ ಬಂದ ದಿನವೇ ಅಕ್ಕಪಕ್ಕದ ಎರಡು ಮನೆಗೆ ಹೋಗಿ, ಕೊಟ್ಟ ಸೊಪ್ಪು ಉಳಿದಿದ್ದರೆ ಎಸೆದುಬಿಡಿ ಅಂತ ಹೇಳಿ ಬಂದೆ.