ಈಥಿಯೆನ್ ಖಡ್ಗದ ಪ್ರತಿಕೃತಿ: ಒರೆ ಚೆಂದ, ಅಲಗು ಗಟ್ಟಿ, ಹಿಡಿ ಮಾತ್ರ ಕೈಕೊಡುತ್ತದೆ

ಚೀನೀ ಸಾಹಸ ಕಾದಂಬರಿಕಾರ ಜಿನ್ ಯೋಂಗ್ 1961ರಲ್ಲಿ ಹಾಂಗ್‌ಕಾಂಗ್‌ನ ಮಿಂಗ್ ಪಾವ್ ಪತ್ರಿಕೆಗೆ ಧಾರಾವಾಹಿಯಾಗಿ ಬರೆಯತೊಡಗಿದ ಕಾದಂಬರಿಯಲ್ಲಿ ಈಥಿಯೆನ್ ಖಡ್ಗದ ಹೊರರೂಪದ ವರ್ಣನೆ ತೀರಾ ಕಡಿಮೆ. ನಾಲ್ಕು ಛೀ (ಚೀನೀ ಉದ್ದಳತೆ) ಉದ್ದದ ಹಳೆಯ ಖಡ್ಗ, ಒರೆಯ ಮೇಲೆ ಮಸುಕು ಹಸಿರು ಛಾಯೆ, ಚಿನ್ನದ ತಂತಿಯಲ್ಲಿ ಕೂರಿಸಿದ ‘ಈ-ಥಿಯೆನ್’ ಎಂಬ ಎರಡು ಚೀನೀ ಅಕ್ಷರ. ಮಾರುವವರಿಗೆ ಇದೇ ಅನುಕೂಲ. ಯಾವ ಖಡ್ಗದ ಮೇಲೆ ಆ ಎರಡು ಅಕ್ಷರ ಕೆತ್ತಿದರೂ ಅದು ಈಥಿಯೆನ್ ಆಗಿಬಿಡುತ್ತದೆ.

ಇಲ್ಲಿ ನೋಡುತ್ತಿರುವುದು ಚೀನಾದ ಜೆಜಿಯಾಂಗ್ ಪ್ರಾಂತ್ಯದ ಲೊಂಗ್‌ಚುವಾನ್‌ನಲ್ಲಿ ತಯಾರಾದ, ಮಧ್ಯಮ ಬೆಲೆಯ, ಮಡಿಸಿ ಬಡಿದ ಉಕ್ಕಿನ ಮಾದರಿ. ಖಡ್ಗ ತಯಾರಿಕೆಗೆ ಆ ಊರು ಶತಮಾನಗಳಿಂದ ಹೆಸರುವಾಸಿ. ಅಲ್ಲಿನ ಕಮ್ಮಾರಿಕೆ 2006ರಲ್ಲಿ ಚೀನಾದ ರಾಷ್ಟ್ರೀಯ ಅಮೂರ್ತ ಪರಂಪರೆಯ ಮೊದಲ ಪಟ್ಟಿಗೇ ಸೇರಿತು. ಆದರೆ ಊರಿನ ಹೆಸರು ಗುಣಮಟ್ಟಕ್ಕೆ ಜಾಮೀನಲ್ಲ. ಒಳ್ಳೆಯ ಕುಲುಮೆಯೂ ಗೋಡೆಗೆ ತೂಗುಹಾಕುವ ಸ್ಟೇನ್‌ಲೆಸ್ ಸ್ಟೀಲ್ ಅಲಗಿನ ಕಾರ್ಖಾನೆಯೂ ಅದೇ ಊರಲ್ಲಿವೆ.

ಒರೆ ಸೇರಿ ಉದ್ದ 105 ಸೆಂ.ಮೀ., ಅಲಗು 74 ಸೆಂ.ಮೀ., ಒರೆ ಬಿಟ್ಟು ತೂಕ 860 ಗ್ರಾಂ. ಇಂದಿನ ಛೀ ಅಂದರೆ 33.3 ಸೆಂ.ಮೀ.; ಆ ಲೆಕ್ಕದಲ್ಲಿ ಕಾದಂಬರಿಯ ಖಡ್ಗ 133 ಸೆಂ.ಮೀ. ಆಗಬೇಕು. ಕಡಿಮೆ ಮಾಡಿದ್ದೇ ಒಳ್ಳೆಯದಾಯಿತು. ಅಷ್ಟುದ್ದದ್ದನ್ನು ಒಂದೇ ಕೈಯಲ್ಲಿ ಬೀಸುವ ಕೆಲಸ ಕಾದಂಬರಿಯ ಎಮೇ ಪಂಥದ ಗುರುಮಾತೆ ಮಿಯೆಜುವೆಗೇ ಇರಲಿ. ಎಡಗೈಯಲ್ಲಿ ಹಿಡಿ ಕೆಳಗೆ, ಅಲಗು ತೋಳಿನ ಹಿಂದೆ ನೇರ ಮೇಲಕ್ಕೆ ಬರುವಂತೆ ಹಿಡಿದು ನಿಂತಾಗ ಮೊನೆ ಕಿವಿಯ ಮೇಲ್ತುದಿಗಿಂತ ಕೆಳಗಿರಬಾರದು ಎಂಬುದು ಚೀನೀ ಸಮರಕಲೆ ವೂಶೂವಿನ ಅಳತೆ. ಮಧ್ಯಮ ಎತ್ತರದವರಿಗೆ 74 ಸರಿಹೋಗುತ್ತದೆ. ತೂಕದ ಸಮತೋಲ ಗಾರ್ಡ್‌ನಿಂದ (ಹಿಡಿಗೂ ಅಲಗಿಗೂ ನಡುವಿನ ಅಡ್ಡತಡೆ) 15 ಸೆಂ.ಮೀ. ಮುಂದೆ ನಿಲ್ಲುತ್ತದೆ. ಇದು 20 ದಾಟಿದ್ದರೆ ಮೊನೆ ಭಾರವಾಗಿ ಮಣಿಕಟ್ಟು ಸೋಲುತ್ತಿತ್ತು.

ಅಲಗಿಗೆ ಪೂರ್ಣ ಅಂಕ ಕೊಡಬಹುದು. ಗಾರ್ಡ್ ಬಳಿ 7 ಮಿ.ಮೀ. ದಪ್ಪ, ಮೊನೆಯ ಹತ್ತಿರ 4. ನಡುವಿನ ಏಣು ಎಲ್ಲೂ ಸೊಟ್ಟಗಾಗಿಲ್ಲ. ಮೈಮೇಲಿನ ಅಲೆಗೆರೆ ನಿಜವಾಗಿ ಮಡಿಸಿದ್ದರಿಂದ ಬಂದದ್ದೋ, ಆಸಿಡ್‌ನಲ್ಲಿ ಬರೆದದ್ದೋ ಎಂಬ ಅನುಮಾನ ಸಹಜ. ಗಾರ್ಡ್ ಪಕ್ಕದ ಒಂದು ಬೆರಳಗಲ ಜಾಗವನ್ನು 600, ಆಮೇಲೆ 2000 ನಂಬರಿನ ಸ್ಯಾಂಡ್ ಪೇಪರ್‌ನಿಂದ ಗೆರೆ ಪೂರ್ತಿ ಅಳಿಯುವವರೆಗೆ ತಿಕ್ಕಿ. ಒಂದು ಭಾಗ ಫೆರಿಕ್ ಕ್ಲೋರೈಡ್ ದ್ರಾವಣಕ್ಕೆ ನಾಲ್ಕು ಭಾಗ ನೀರು ಬೆರೆಸಿ, ಕೈಗವಸು ಹಾಕಿಕೊಂಡು, ಹತ್ತಿಯಲ್ಲಿ ಒರೆಸಿ. ನಿಜವಾದ ಮಡಿಕೆಯಾದರೆ ಗೆರೆ ಮತ್ತೆ ಏಳುತ್ತದೆ, ಬರೆದದ್ದಾದರೆ ಏಳುವುದಿಲ್ಲ. ಇದರಲ್ಲಿ ಎದ್ದಿತು. ಕೂಡಲೇ ಅಡುಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಬೇಕು. ಆಸಿಡ್ ಉಳಿದರೆ ರಾತ್ರಿ ಕಳೆಯುವುದರೊಳಗೆ ಕೆಂಪು ತುಕ್ಕು.

ತೊಂದರೆ ಇರುವುದು ಹಿಡಿಯೊಳಗೆ. ಅಲಗಿನ ಬಾಲ, ಅಂದರೆ ಹಿಡಿಯೊಳಗೆ ಇಳಿಯುವ ಭಾಗ, ಹಿಡಿಯ ತುದಿವರೆಗೆ ಒಂದೇ ತುಂಡಾಗಿ ಹೋಗಿ, ಗುಬುಟಿನ ಆಚೆ ಬಡಿದು ಅಗಲಿಸಿದ್ದರೆ ಅದು ಗಟ್ಟಿ ಕಟ್ಟು. ಇದರಲ್ಲಿ ಬಾಲ ಅರ್ಧಕ್ಕೇ ನಿಂತಿದೆ. ಅದಕ್ಕೆ ತಿರುಪುಗೆರೆಯ ಕಡ್ಡಿಯನ್ನು ವೆಲ್ಡ್ ಮಾಡಿ, ತುದಿಗೆ ನಟ್ ಬಿಗಿದಿದ್ದಾರೆ. ವೆಲ್ಡಿಂಗ್ ಶಾಖಕ್ಕೆ ಆ ಜಾಗದ ಉಕ್ಕಿನ ಹದ ಕೆಡುತ್ತದೆ, ಬೀಸಿದಾಗ ಹೊಡೆತವೆಲ್ಲ ಅಲ್ಲೇ ಬೀಳುತ್ತದೆ, ಬಿರುಕೂ ಅಲ್ಲಿಂದಲೇ. ಹಿಡಿಯನ್ನು ಅಂಗೈಗೆ ಮೆಲ್ಲಗೆ ಬಡಿದು ಕೇಳಿ, ಕಟಕಟ ಸದ್ದು ಬಂದರೆ ನಟ್ ಸಡಿಲ. ಕಾಲು ಸುತ್ತು ಬಿಗಿದರೆ ಸಾಕು. ಇನ್ನೂ ತಿರುಗಿಸಿದರೆ ಹಿಡಿಯ ಮರ ಉದ್ದಕ್ಕೆ ಸೀಳುತ್ತದೆ. ವಿವರಣೆಯಲ್ಲಿ ‘ಪೂರ್ಣ ಬಾಲ’ ಎಂದು ಬರೆದು ಹೀಗೆ ಮಾಡಿರುವುದು ಮೋಸವೇ. ನಿಧಾನದ ಥಾಯ್‌ಚೀ ಅಭ್ಯಾಸಕ್ಕೆ ತೊಂದರೆಯಿಲ್ಲ. ಕತ್ತರಿಸುವ ಅಭ್ಯಾಸಕ್ಕೆ ಖಂಡಿತ ಬೇಡ.

ಅಲಂಕಾರದಲ್ಲಿ ಎರಡು ಎಡವಟ್ಟು. ಅಲಗಿನ ಮೇಲೆ ಏಳು ಹಿತ್ತಾಳೆ ಚುಕ್ಕೆ ಕೂರಿಸಿದ್ದಾರೆ. ಅದು ಸಪ್ತರ್ಷಿ ಮಂಡಲದ ಗುರುತು, ‘ಏಳು ನಕ್ಷತ್ರ’ ಖಡ್ಗದ್ದು, ಇದಕ್ಕೆ ಸಂಬಂಧವಿಲ್ಲ. ಒರೆಯ ಮೇಲೆ ಎರಡಕ್ಕೆ ಬದಲು ಮೂರು ಅಕ್ಷರ, ಮೂರನೆಯದು 1950ರ ದಶಕದ ನಂತರದ ಸರಳ ಲಿಪಿಯಲ್ಲಿ. ಕಥೆ ನಡೆಯುವುದು ಯುವಾನ್ ವಂಶದ ಕೊನೆಗಾಲದಲ್ಲಿ, 14ನೇ ಶತಮಾನ! ಹಾನ್ ವಂಶದ ಕೊನೆಗಾಲದ ದಂಡನಾಯಕ ‘ತ್ಸಾವ್ ತ್ಸಾವ್‌ನ ಖಡ್ಗ’ ಎಂದೂ ಡಬ್ಬಿಯ ಮೇಲಿದೆ. ಮೂರು ರಾಜ್ಯಗಳ ಕಥೆಯಲ್ಲಿ ಅವನಿಗೆ ಅದೇ ಹೆಸರಿನ ಖಡ್ಗ ಇತ್ತೆನ್ನುವುದು ನಿಜ, ಆದರೆ ಹಾನ್ ಕಾಲದ ಖಡ್ಗಕ್ಕೆ ಇಂಥ ರೆಕ್ಕೆಯಂಥ ಅಗಲ ಗಾರ್ಡ್ ಇರಲಿಲ್ಲ.

ಒರೆ ಮಾತ್ರ ಸೊಗಸು. ಗಟ್ಟಿ ಮರ, ಒಳಗೆ ಅಲಗು ಸವರುವುದಿಲ್ಲ, ಬಾಯಿ ಬಿಗಿಯಾಗಿ ಕೂರುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಅಲಗನ್ನು ಒರೆಯಲ್ಲಿ ಬಿಡಬೇಡಿ, ಮರ ತೇವ ಹೀರಿ ಉಬ್ಬುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ. ತಿಂಗಳಿಗೊಮ್ಮೆ ಹೊಲಿಗೆ ಯಂತ್ರದ ಎಣ್ಣೆ ನಾಲ್ಕೈದು ಹನಿ ಸಾಕು. ಕೊಬ್ಬರಿ ಎಣ್ಣೆ ಬೇಡ, ಅಂಟಾಗಿ ಧೂಳು ಹಿಡಿಯುತ್ತದೆ.

ಕಾದಂಬರಿಯಲ್ಲಿ ಇದು ಕಬ್ಬಿಣವನ್ನೇ ಮಣ್ಣಿನಂತೆ ಕೊಯ್ಯುತ್ತದೆಂದು ಮೊಳೆ ಕತ್ತರಿಸಿ ನೋಡುವವರಿದ್ದಾರೆ. ಅಂಚು ಹಲ್ಲುಹಲ್ಲಾಗುತ್ತದೆ, ಸಾಣೆ ಹಿಡಿದರೆ ಎರಡು ಮಿ.ಮೀ. ಅಲಗು ಹೋಗುತ್ತದೆ. ಅದೇ ಕಾದಂಬರಿಯ ಥೂಲೊಂಗ್ ಕತ್ತಿಗೆ ಬಡಿದಾಗ ಅಸಲಿ ಈಥಿಯೆನ್ನೇ ಮುರಿದಿತ್ತು.

ತರಿಸುವ ಮುನ್ನ ಇನ್ನೊಂದು ವಿಷಯ: ಭಾರತದ 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ 9 ಇಂಚಿಗಿಂತ ಉದ್ದದ ಅಲಗಿನ ಖಡ್ಗವೂ ಇದೆ. ಹಣ ಕಟ್ಟುವ ಮೊದಲೇ ನಿಮ್ಮ ಠಾಣೆಯಲ್ಲಿ ವಿಚಾರಿಸಿ. ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದ ಮೇಲೆ ವಿಚಾರಿಸಿ ಉಪಯೋಗವಿಲ್ಲ.